ಉತ್ತೇಜಕ ಮಾದಕದ ಪರಿಣಾಮ ಬಳಸಿದಷ್ಟೂ ಹೆಚ್ಚುವುದೇಕೆ, ಅದಕ್ಕೆ ಸ್ಥಳವೂ ಕಾರಣವೇ?

ದೇಹ ಮದ್ದಿಗೆ ಒಗ್ಗಿ ಪರಿಣಾಮ ತಗ್ಗುವುದನ್ನು ಎಲ್ಲರೂ ಬಲ್ಲರು. ಆದರೆ ಕೊಕೇನ್ ಅಥವಾ ಆಂಫೆಟಮೈನನ್ನು ಬಿಟ್ಟು ಬಿಟ್ಟು ಅದೇ ಪ್ರಮಾಣದಲ್ಲಿ ಕೊಡುತ್ತ ಹೋದರೆ ಇಲಿಯ ಓಡಾಟ ಬರಬರುತ್ತ ಹೆಚ್ಚುತ್ತದೆ. ಇದೇ ಸಂವೇದನಾವೃದ್ಧಿ. ನಡುಮಿದುಳಿನಲ್ಲಿ ಬಯಕೆಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವನ್ನು ಸೂಸುವ ನರಕೋಶಗಳಿಗೆ ಬರುವ, ಗ್ಲುಟಮೇಟ್ ಎಂಬ ಕೆರಳಿಸುವ ರಾಸಾಯನಿಕದ ಸಂದೇಶ ಬಲಗೊಳ್ಳುವುದರಿಂದ ಇದು ಮೊದಲಾಗುತ್ತದೆ. ಆ ಗ್ಲುಟಮೇಟನ್ನು ಹಿಡಿಯುವ ಎನ್‌ಎಂಡಿಎ ಎಂಬ ಗ್ರಾಹಕಗಳನ್ನು ಮೊದಲೇ ತಡೆದರೆ ಈ ಹೆಚ್ಚಳ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಕೊಕೇನ್ ನಿಲ್ಲಿಸಿ ವಾರಗಳು ಕಳೆದ ಮೇಲೂ ಮಿದುಳಿನಲ್ಲಿ ಬಯಕೆಗೆ ಸಂಬಂಧಿಸಿದ ನ್ಯೂಕ್ಲಿಯಸ್ ಅಕಂಬೆನ್ಸ್ ಭಾಗದ ಕೋಶಗಳ ಮೇಲ್ಮೈಯಲ್ಲಿ ಗ್ಲುಟಮೇಟನ್ನೇ ಹಿಡಿಯುವ ಎಎಂಪಿಎ ಎಂಬ ಇನ್ನೊಂದು ಬಗೆಯ ಗ್ರಾಹಕಗಳು ಹೆಚ್ಚಿರುವುದು ಕಂಡುಬಂದಿದೆ.

ಗ್ರಾಹಕಗಳದ್ದು ಅರ್ಧ ಕಥೆ. ಒಂದೇ ಪಂಜರದಲ್ಲಿ ಚುಚ್ಚುಮದ್ದು ಪಡೆದ ಇಲಿ ಅಲ್ಲಿ ತೋರುವಷ್ಟು ಚಡಪಡಿಕೆಯನ್ನು ಬೇರೆಡೆ ಸಾಮಾನ್ಯವಾಗಿ ತೋರುವುದಿಲ್ಲ. ತೀರ್ಥಹಳ್ಳಿ ಕಡೆ ರಾತ್ರಿ ಅಡಿಕೆ ಸುಲಿಯುವಾಗ, ಯಾರೋ ಕವಳದ ತಟ್ಟೆ ಸರಿಸಿದ ಸದ್ದಿಗೇ, ಅದುವರೆಗೆ ಸುಮ್ಮನಿದ್ದವರ ಕೈ ಸುಣ್ಣದ ಡಬ್ಬಿಯತ್ತ ಚಾಚುವುದನ್ನು ಕಂಡವರಿಗೆ ಸ್ಥಳ, ಸದ್ದಿನಂಥ ಸೂಚನೆಯ ಬಲ ಹೊಸದಲ್ಲ. (ಅಡಿಕೆಯಲ್ಲಿರುವ ಉತ್ತೇಜಕ ಅರೆಕೋಲಿನ್ ಕೆಲಸ ಮಾಡುವುದು ಬೇರೆಯೇ ಗ್ರಾಹಕಗಳ ಮೇಲೆ, ಹೋಲಿಕೆ ಕಲಿಕೆಯ ಮಟ್ಟಿಗೆ ಮಾತ್ರ.) ವ್ಯಸನದ ಬಗ್ಗೆ ಸಂಶೋಧನೆ ಮಾಡಿದ ಮನೋವಿಜ್ಞಾನಿಗಳಾದ ರಾಬಿನ್ಸನ್ ಮತ್ತು ಬೆರಿಜ್ 1993ರಲ್ಲಿ ಮಂಡಿಸಿದ ವಾದವೇ ನನಗೆ ಹೆಚ್ಚು ಒಪ್ಪಿತ: ಇಂಥ ಸೂಚನೆ ಕಂಡಾಗ ಕೆರಳುವುದು ಬಯಕೆ, ಸುಖ ಇದ್ದಷ್ಟೇ ಇರಬಹುದು, ತಗ್ಗಲೂಬಹುದು.