ದೇವರು ಎಲೀಯಾಬನನ್ನು ಬಿಟ್ಟು ಅವನ ತಮ್ಮ ದಾವೀದನನ್ನು ಇಸ್ರಾಯೇಲಿನ ಅರಸನನ್ನಾಗಿ ಆರಿಸಿದ್ದು ಏಕೆ?

ಎಲೀಯಾಬನ ಎತ್ತರವನ್ನೂ ರೂಪವನ್ನೂ ಕಂಡು ಪ್ರವಾದಿ ಸಮುವೇಲನು ಇವನೇ ಅರಸನಾಗತಕ್ಕವನೆಂದು ಎಣಿಸಿದನು. ದೇವರು ನೋಡಿದ್ದು ಹೃದಯವನ್ನು, ಆದ್ದರಿಂದ ಅವನನ್ನು ಒಪ್ಪಲಿಲ್ಲ. ಬೈಬಲಿನ ಸಮುವೇಲನ ಮೊದಲನೆಯ ಗ್ರಂಥದ 16ನೆಯ ಅಧ್ಯಾಯ ಕೊಡುವ ಉತ್ತರ ಇದೇ.

ಇಲ್ಲಿ ‘ಹೃದಯ’ ಎಂದರೇನೆಂದು ತಿಳಿದರೆ ಉಳಿದದ್ದು ಸ್ಪಷ್ಟವಾಗುತ್ತದೆ. ಮೂಲ ಹೀಬ್ರೂ ಭಾಷೆಯಲ್ಲಿ ಅದು ಬರೀ ಭಾವನೆಯ ನೆಲೆಯಲ್ಲ. ಯೋಚನೆ, ಸಂಕಲ್ಪ, ತೀರ್ಮಾನಗಳು ಹುಟ್ಟುವ ಸ್ಥಳ. ಮೊದಲ ಅರಸನಾದ ಸೌಲನ ಹೆಗಲಿಗಿಂತ ಮೇಲೆ ಜನರಲ್ಲಿ ಯಾರೂ ಬರುತ್ತಿರಲಿಲ್ಲ, ಆದರೂ ಅಮಾಲೇಕ್ಯರ ಮೇಲಿನ ಯುದ್ಧದಲ್ಲಿ ಅವನು ಎಲ್ಲವನ್ನೂ ನಾಶಮಾಡಬೇಕೆಂಬ ದೇವರ ಆಜ್ಞೆಯನ್ನು ಮೀರಿ ಒಳ್ಳೆಯ ಕುರಿದನಗಳನ್ನು ಉಳಿಸಿಕೊಂಡು, ಜನರಿಗೆ ಹೆದರಿ ಹಾಗೆ ಮಾಡಿದೆನೆಂದು ಕೊನೆಗೆ ತಾನೇ ಒಪ್ಪಿಕೊಂಡನು. ಅವನ ಎತ್ತರ ಆ ಹೆದರಿಕೆಯನ್ನು ನೀಗಲಿಲ್ಲ.

ಬೇತ್ಲೆಹೇಮಿನಲ್ಲಿ ಇಷಯನು ಏಳು ಮಂದಿ ಗಂಡುಮಕ್ಕಳನ್ನು ಒಬ್ಬೊಬ್ಬರಾಗಿ ಸಮುವೇಲನ ಮುಂದೆ ನಿಲ್ಲಿಸುವಾಗ, ಕಿರಿಯವನಾದ ದಾವೀದನು ಹೊರಗೆ ಕುರಿ ಕಾಯುತ್ತಿದ್ದನು. ಪ್ರವಾದಿ ಕೇಳುವವರೆಗೆ ಹೆತ್ತ ತಂದೆಯೇ ಅವನನ್ನು ಕರೆಸಿರಲಿಲ್ಲ. ಈ ವಿವರ ಪ್ರತಿ ಸಲ ಓದಿದಾಗಲೂ ನನ್ನ ಮನಸ್ಸನ್ನು ತಟ್ಟುತ್ತದೆ.

ಹಾಗೆಂದು ಬೈಬಲ್ ರೂಪವನ್ನು ಹೀಗಳೆಯುವುದಿಲ್ಲ. ದಾವೀದನ ಕಣ್ಣುಗಳು ಸುಂದರವಾಗಿದ್ದವೆಂದು ಅದೇ ಅಧ್ಯಾಯ ಹೇಳುತ್ತದೆ, ಆದರೆ ಆಯ್ಕೆಗೆ ಅದು ಕಾರಣವಲ್ಲ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಸ್ವಾಮಿ ಫರಿಸಾಯರಿಗೆ, ಅಂದರೆ ಆಚಾರನಿಷ್ಠ ಯೆಹೂದ್ಯರಿಗೆ, ಮೊದಲು ಬಟ್ಟಲಿನ ಒಳಗನ್ನು ಶುಚಿಮಾಡಿದರೆ ಹೊರಗೂ ಶುಚಿಯಾಗುವುದೆಂದು ಹೇಳಿದ್ದು ಇದೇ ಅರ್ಥದಲ್ಲಿ.