ಜನರು ಬಳಸುವ ಪ್ರವಾಹದ ಕಾಡಿನಲ್ಲಿ ಅಪರೂಪದ ಕೋತಿಯನ್ನು ಉಳಿಸಲು ಸಾಧ್ಯವೇ?

ಸಾಧ್ಯ. ಆದರೆ ಜನರನ್ನು ಹೊರಗಟ್ಟಿ ಅಲ್ಲ, ಜೊತೆಗಿಟ್ಟುಕೊಂಡು.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಇಳಿದಾಗ ಯಾದಗಿರಿ ಕಡೆಯ ನಮ್ಮ ಹೊಲದ ಬೇವಿನ ಮರದಲ್ಲಿ ಎದೆಮಟ್ಟಕ್ಕೆ ಕೆಸರಿನ ಗೆರೆ ಮೂಡಿತ್ತು. ಬ್ರೆಜಿಲ್‌ನ ಅಮೆಜಾನ್ ಕಾಡು ಮಾಮಿರಾವಾದಲ್ಲಿ ನೀರು ಪ್ರತಿ ವರ್ಷ 10–12 ಮೀಟರ್ ಏರಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಿಳಿ ಮೈಗೂದಲು, ಕೆಂಪು ಬೋಳು ಮುಖದ ಉಕಾರಿ ಕೋತಿ ಆಗ ಕೊಂಬೆಗಳಲ್ಲೇ ಬದುಕುತ್ತದೆ, ಬಲಿಯದ ಕಾಯಿಗಳನ್ನು ಹಲ್ಲಿನಿಂದ ಒಡೆದು ಬೀಜ ತಿನ್ನುತ್ತದೆ. ಮರ ಉರುಳಿದರೆ ಅದರ ಊಟವೂ ಹೋಯಿತು, ದಾರಿಯೂ ಹೋಯಿತು. ನನಗೆ ಸಂಕಟವಾಗುವುದು ಇಲ್ಲೇ: ಕಡಿದ ದಿಮ್ಮಿಗಳನ್ನು ತೇಲಿಸಿ ಸಾಗಿಸಲು ಅದೇ ಪ್ರವಾಹ ಅನುಕೂಲ ಮಾಡಿಕೊಡುತ್ತದೆ.

ಉಕಾರಿಯನ್ನು ಅಧ್ಯಯನ ಮಾಡಿದ ಜೋಸೆ ಮಾರ್ಸಿಯೊ ಐರೆಸ್ ಅವರ ಪ್ರಯತ್ನದಿಂದ 1990ರಲ್ಲಿ ಮಾಮಿರಾವಾ ರಕ್ಷಿತ ಪ್ರದೇಶವಾಯಿತು. 1996ರಲ್ಲಿ, ನಿವಾಸಿಗಳು ಅಲ್ಲೇ ಉಳಿದು ಕಾಡನ್ನು ಮಿತವಾಗಿ ಬಳಸುವ ಮೀಸಲು ಪ್ರದೇಶವೆಂದು ಬದಲಾಯಿತು. ಕೆಲವು ಭಾಗಗಳಿಗೆ ಪೂರ್ಣ ರಕ್ಷಣೆ, ಉಳಿದೆಡೆ ನಿಯಮಬದ್ಧ ಬಳಕೆ. ಪಿರಾರುಕು ಎಂಬ ದೈತ್ಯ ಮೀನು ಉಸಿರಾಡಲು ಮೇಲೆ ಬಂದಾಗ ಮೀನುಗಾರರೇ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಹಿಡಿಯುವ ಮಿತಿ ನಿಗದಿಯಾಗುತ್ತದೆ. ಮೀನಿನಿಂದ ಆದಾಯವಿರುವ ಊರಿಗೆ ಮರ ಕಡಿಯುವ ಒತ್ತಡ ಕಡಿಮೆ.