ನಿಕಾನ್ ಕ್ಯಾಮೆರಾದಲ್ಲಿ ಹೀಲಿಯೋಸ್ ಲೆನ್ಸ್ ದೂರದ ದೃಶ್ಯಕ್ಕೆ ಫೋಕಸ್ ಆಗದಿರುವುದೇಕೆ?
ಹಳೆಯ ಜೆನಿತ್ ಕ್ಯಾಮೆರಾದ ಹೀಲಿಯೋಸ್ 44-2 ಲೆನ್ಸನ್ನು ಅಡಾಪ್ಟರ್ ಹಾಕಿ ನಿಕಾನ್ ಡಿಎಸ್‌ಎಲ್‌ಆರ್‌ಗೆ ಜೋಡಿಸಿದರೆ ಹತ್ತಿರದ ಹೂವು ಸ್ಪಷ್ಟವಾಗಿ ಮೂಡುತ್ತದೆ, ದೂರದ ಬೆಟ್ಟ ಮಾತ್ರ ಎಷ್ಟು ತಿರುಗಿಸಿದರೂ ಮಸುಕಾಗಿಯೇ ಉಳಿಯುತ್ತದೆ, ಲೆನ್ಸ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ನೀವು ವಿವರಿಸಿರುವುದು ಕೆಟ್ಟ ಲೆನ್ಸಿನ ಲಕ್ಷಣವಲ್ಲ. ದಯವಿಟ್ಟು ಅದನ್ನು ಬಿಚ್ಚಿಸಲು ಅಥವಾ ಅದರ ಹಿಂಭಾಗವನ್ನು ಉಜ್ಜಿಸಲು ಯಾರ ಕೈಗೂ ಕೊಡಬೇಡಿ.

ತೊಂದರೆ ಇರುವುದು ಅಂತರದಲ್ಲಿ. ನಿಮ್ಮ ಲೆನ್ಸಿನ ತಿರುಪು ಎಂ42 ಎಂಬ ಬಗೆಯದು, ಅಂದರೆ 42 ಮಿ.ಮೀ. ವ್ಯಾಸದ್ದು. ಈ ಬಗೆಯ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಜಾಗದಿಂದ ಫಿಲ್ಮಿನವರೆಗೆ (ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರಿನವರೆಗೆ) 45.46 ಮಿ.ಮೀ. ಇರಬೇಕೆಂಬ ಲೆಕ್ಕದಲ್ಲಿ ಅದನ್ನು ರಚಿಸಲಾಗಿದೆ; ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ ಆ ಅಂತರವೇ 46.5 ಮಿ.ಮೀ. ಹೀಗಾಗಿ ಅಡಾಪ್ಟರ್ ಹಾಕುವ ಮೊದಲೇ ಲೆನ್ಸ್ ಒಂದು ಮಿಲಿಮೀಟರಿನಷ್ಟು ಮುಂದಿರುತ್ತದೆ, ಅಡಾಪ್ಟರಿನ ದಪ್ಪ ಇನ್ನೊಂದು ಮಿಲಿಮೀಟರನ್ನು ಸೇರಿಸಿತೆಂದರೆ 58 ಮಿ.ಮೀ. ಲೆನ್ಸಿಗೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಮೀಟರಿನಿಂದ ಆಚೆಗೆ ಫೋಕಸ್ ದೊರೆಯುವುದಿಲ್ಲ. ಕ್ಯಾನನ್ ಇಎಫ್‌ನ ಅಂತರ 44 ಮಿ.ಮೀ., ಪೆಂಟಾಕ್ಸ್ ಕೆ ಮೌಂಟಿನದು (ಮೌಂಟ್ ಎಂದರೆ ಲೆನ್ಸ್ ಕೂರುವ ಕೊಂಡಿ) ಎಂ42ರಷ್ಟೇ. ಆದ್ದರಿಂದ ಅವುಗಳಲ್ಲಿ ಸರಿಯಾದ ಅಡಾಪ್ಟರ್ ಇದ್ದರೆ ಈ ತೊಡಕಿಲ್ಲ.

ಒಳಗೆ ಸಣ್ಣ ಗಾಜನ್ನು ಕೂರಿಸಿದ ನಿಕಾನ್ ಅಡಾಪ್ಟರ್‌ಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವು ದೂರದ ಫೋಕಸನ್ನು ಮರಳಿಸುತ್ತವೆ ನಿಜ, ಆದರೆ ಅಗ್ಗದ ಆ ಗಾಜು ಎಫ್/2ರಲ್ಲಿ, ಅಂದರೆ ಲೆನ್ಸಿನ ಬೆಳಕಿನ ಕಿಂಡಿ ಪೂರ್ತಿ ತೆರೆದಾಗ, ಚಿತ್ರದ ಹರಿತವನ್ನು ಮೊಂಡಾಗಿಸುತ್ತದೆ. ಒಳ್ಳೆಯ ಲೆನ್ಸಿನ ಹಿಂದೆ ಸಾಧಾರಣ ಗಾಜನ್ನಿಡುವುದು ನನಗೆ ಒಪ್ಪಿಗೆಯಿಲ್ಲ.

ಸೋನಿ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ಕೊಳ್ಳುವ ಯೋಚನೆಯಿದೆ ಎಂದು ಬರೆದಿದ್ದೀರಲ್ಲ, ಅದೇ ಸರಿಯಾದ ದಾರಿ. ಅದರ ಇ ಮೌಂಟಿನ ಅಂತರ ಕೇವಲ 18 ಮಿ.ಮೀ.; ಉಳಿದ 27.46 ಮಿ.ಮೀ. ಜಾಗವನ್ನು ಗಾಜಿಲ್ಲದ ಖಾಲಿ ಲೋಹದ ಕೊಳವೆಯೇ ತುಂಬುತ್ತದೆ. ನಾನೂ ಈ ಲೆನ್ಸನ್ನು ಹಾಗೆಯೇ ಬಳಸುತ್ತೇನೆ. ಲೆನ್ಸ್ ಇಲ್ಲದಿದ್ದರೂ ಶಟರ್ ತೆರೆಯುವ ಆಯ್ಕೆಯನ್ನು ಮೆನುವಿನಲ್ಲಿ ಮೊದಲು ಆನ್ ಮಾಡಿ, ಏಕೆಂದರೆ ಈ ಲೆನ್ಸಿನ ಇರವೇ ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಕ್ಯಾಮೆರಾದೊಳಗೆ ಕೈನಡುಕವನ್ನು ಸರಿದೂಗಿಸುವ ಸ್ಥಿರೀಕರಣ ವ್ಯವಸ್ಥೆಯಿದ್ದರೆ ಫೋಕಲ್ ಲೆಂತ್ 58 ಎಂದು ನೀವೇ ನಮೂದಿಸಬೇಕು. ಫೋಕಸ್ ಆದ ಭಾಗವನ್ನು ಪರದೆಯಲ್ಲಿ ಗುರುತಿಸುವ ಫೋಕಸ್ ಪೀಕಿಂಗಿನ ಬಣ್ಣದ ಅಂಚುಗಳನ್ನು ಎಫ್/2ರಲ್ಲಿ ಪೂರ್ತಿ ನಂಬಬೇಡಿ; ಮುಖದ ಚಿತ್ರವಾದರೆ ಕಣ್ಣಿನ ಭಾಗವನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿಯೇ ಕ್ಲಿಕ್ಕಿಸಿ.

ಹೀಲಿಯೋಸಿನ ಹೆಸರಾದ ಸುಳಿಯಂಥ ಹಿನ್ನೆಲೆಗಾಗಿಯೇ ಈ ಖರ್ಚಾದರೆ ಫುಲ್ ಫ್ರೇಮ್ (ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾವನ್ನೇ ಆರಿಸಿಕೊಳ್ಳಿ. ಆ ಸುಳಿ ಗಾಢವಾಗುವುದು ಚೌಕಟ್ಟಿನ ಅಂಚುಗಳಲ್ಲಿ, ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸಿಬಿಡುತ್ತದೆ. ಅಲ್ಲಿ ದೃಶ್ಯದ ಹರವೂ 87 ಮಿ.ಮೀ. ಲೆನ್ಸಿನಷ್ಟಕ್ಕೆ ಕಿರಿದಾಗುತ್ತದೆ, ಅದು ಮುಖಚಿತ್ರಕ್ಕೆ ಸೊಗಸೇ. ಅಲ್ಲಿಯವರೆಗೆ ನಿಮ್ಮ ನಿಕಾನ್‌ನಲ್ಲಿ ಹೂವು, ಎಲೆ, ಹತ್ತಿರದ ಮುಖಗಳನ್ನು ಧಾರಾಳವಾಗಿ ತೆಗೆಯಿರಿ. ಆರಂಭಿಕ ದರ್ಜೆಯ ನಿಕಾನ್‌ಗಳಲ್ಲಿ ಇಂಥ ಲೆನ್ಸಿಗೆ ಬೆಳಕು ಅಳೆಯುವ ಮೀಟರ್ ಕೆಲಸ ಮಾಡದ ಕಾರಣ ಎಂ (ಮ್ಯಾನ್ಯುಯಲ್) ಮೋಡಿನಲ್ಲಿಟ್ಟು ಹಿಸ್ಟೊಗ್ರಾಮ್ (ಚಿತ್ರದ ಬೆಳಕು-ನೆರಳಿನ ನಕ್ಷೆ) ನೋಡಿ ಬೆಳಕನ್ನು ಹೊಂದಿಸಿಕೊಳ್ಳಬೇಕು.

ಇಂಥ ಇನ್ನಷ್ಟು ಲೆನ್ಸ್ ಕೊಳ್ಳಬಹುದೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಖಂಡಿತ ಕೊಳ್ಳಬಹುದು. ಆದರೆ 39 ಮಿ.ಮೀ. ತಿರುಪಿನವುಗಳಲ್ಲಿ ಎಚ್ಚರವಿರಲಿ. ಲೈಕಾ ಮಾದರಿಯ ಫಿಲ್ಮ್ ಕ್ಯಾಮೆರಾಗಳಾದ ರೇಂಜ್‌ಫೈಂಡರ್‌ಗಳಿಗೆ ಮಾಡಿದವುಗಳ ಅಂತರ 28.8 ಮಿ.ಮೀ., ಹಳೆಯ ಜೆನಿತ್‌ಗಳಿಗೆ ಮಾಡಿದವುಗಳದು 45.2 ಮಿ.ಮೀ.; ತಿರುಪು ಎರಡಕ್ಕೂ ಕೂರುತ್ತದೆ. ಜೂಪಿಟರ್-9 ಎಂಬ ಲೆನ್ಸ್ ಈ ಎರಡೂ ರೂಪಗಳಲ್ಲಿ ಬಂದಿದೆ. ಜೆನಿತ್ ರೂಪದ್ದನ್ನು ಲೈಕಾ ಅಡಾಪ್ಟರಿಗೆ ಹಾಕಿದರೆ ಹತ್ತಿರವಾಗಲಿ ದೂರವಾಗಲಿ ಯಾವುದೂ ಫೋಕಸ್ ಆಗದು, ಆದ್ದರಿಂದ ಹಣ ಕೊಡುವ ಮುನ್ನ ಆ ಲೆನ್ಸ್ ಯಾವ ಕ್ಯಾಮೆರಾದಿಂದ ಬಂದದ್ದೆಂದು ಮಾರುವವರನ್ನು ಕೇಳಿ, ಲೆನ್ಸಿನ ಹಿಂಭಾಗದ ಚಿತ್ರವನ್ನು ತರಿಸಿಕೊಂಡು ನೋಡಿ.